ಅಮ್ಮಾ, ಇದು ನಿಜವಾದ ಕಾಲೇಜಾ?

2018ರ ಜೂನ್ ಮೊದಲ ವಾರ. ಕತ್ತರಿ ಬಿಸಿಲು ಮುಗಿಯಿತೆಂದು ಚೆನ್ನೈನ ಪಂಚಾಂಗಗಳು ಹೇಳುತ್ತಿದ್ದವು, ಸೆಕೆಗೆ ಮಾತ್ರ ಅದು ಗೊತ್ತಿರಲಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಪೋರ್ಟಿಕೋದಲ್ಲಿ ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ‘ಕಮ್ಯುನಿಟಿ ಕಾಲೇಜ್ – ಅಡ್ಮಿಷನ್ ಆರಂಭ’ ಎಂಬ ಫ್ಲೆಕ್ಸ್ ಕೆಳಗೆ ಕೂತಿದ್ದೆ. ವ್ಯಾಸರ್ಪಾಡಿ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಬೆಳಿಗ್ಗೆಯೇ ನಾಲ್ಕು ಮನೆಯ ಪಾತ್ರೆ ತೊಳೆದು ಬಂದಿದ್ದರು, ಸೆರಗಿನ ತುದಿ ಇನ್ನೂ ಒದ್ದೆಯಿತ್ತು. ಮಗಳು ಪ್ಲಸ್ ಟು ಪಾಸಾಗಿದ್ದಳು, ಅಂಕ ಸಾಧಾರಣ. ಬಿ.ಕಾಂ. ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ. ಆ ತಾಯಿ ಫ್ಲೆಕ್ಸ್ ನೋಡಿದರು, ಒಳಗಿನ ದೊಡ್ಡ ಕಟ್ಟಡ ನೋಡಿದರು, ನನ್ನನ್ನು ನೋಡಿದರು.

“ಅಮ್ಮಾ, ಇದು ನಿಜವಾದ ಕಾಲೇಜಾ?”

ಹೌದೆಂದೆ. ಅವರಿಗೆ ಅಷ್ಟು ಸಾಕಾಗಲಿಲ್ಲ. “ಇದು ಮುಗಿಸಿದ ಮೇಲೆ ಇವಳು ಡಿಗ್ರಿ ಓದಬಹುದಾ? ಈ ಒಂದು ವರ್ಷ ಲೆಕ್ಕಕ್ಕೆ ಬರುತ್ತಾ?”

“ಬರುತ್ತೆ. ನೇರ ಎರಡನೇ ವರ್ಷಕ್ಕೆ ಸೇರಬಹುದು” ಅಂದೆ. ಮಾರ್ಗಸೂಚಿಯಲ್ಲಿ ಹಾಗೇ ಇತ್ತು. ನಾನು ಅದನ್ನು ಗೆರೆ ಹಾಕಿಕೊಂಡು ಓದಿದ್ದೆ. ಹುಡುಗಿ ಆಸ್ಪತ್ರೆ ಸಹಾಯಕರ ಡಿಪ್ಲೊಮಾಗೆ ಸೇರಿದಳು. ಆ ಮಾತು ಮೂರು ವರ್ಷ ಕಳೆದು ನನ್ನ ಬಳಿಗೇ ತಿರುಗಿ ಬಂತು. ಅದನ್ನು ಹೇಳುವ ಮೊದಲು ಈ ಮೇಜಿನ ಹಿಂದೆ ನಾನು ಹೇಗೆ ಬಂದು ಕೂತೆ ಎನ್ನುವುದನ್ನು ಹೇಳಿಬಿಡಬೇಕು.

ನನ್ನೂರು ಕುಂದಾಪುರದ ಹತ್ತಿರ. ಎಂ.ಕಾಂ. ಮುಗಿಸಿ, ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನಿಗೆ ಚೆನ್ನೈಗೆ ಬಂದವಳು. ಆಮೇಲೆ ಅವರಿಗೆ ಎರಡು ಸಲ ಬೇರೆ ಊರಿಗೆ ವರ್ಗವಾಯಿತು, ನಾನು ಇಲ್ಲೇ ಉಳಿದೆ. ನನ್ನ ತಮಿಳು ಕೇಳಿ ಇಂದಿಗೂ ಹುಡುಗರು ನಗುತ್ತಾರೆ. “ಮ್ಯಾಮ್, ನೀವು ಬೈದರೂ ಹಾಡಿದ ಹಾಗೇ ಇರುತ್ತೆ” ಎನ್ನುತ್ತಾರೆ. 2016ರಲ್ಲಿ ಒಂದು ದಿನ ಪ್ರಿನ್ಸಿಪಾಲರು ಕರೆದು, ಕಮ್ಯುನಿಟಿ ಕಾಲೇಜಿಗೆ ನೋಡಲ್ ಆಫೀಸರ್ ಬೇಕು, ಹೆಚ್ಚಿನ ಕೆಲಸವೇನೂ ಇರುವುದಿಲ್ಲ, ಆಗಾಗ ಒಂದೆರಡು ಸಹಿ ಅಷ್ಟೇ ಎಂದರು. ‘ಒಂದೆರಡು ಸಹಿ ಅಷ್ಟೇ’ ಎಂಬ ಮಾತನ್ನು ನಂಬಿ ಕೆಟ್ಟವರು ಈ ಅಂಕಣದ ಓದುಗರಲ್ಲೂ ಇರಬಹುದು.

ಸುದ್ದಿ ಹೇಳೋಣವೆಂದು ಮುಂಬಯಿಯ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರ ಮೊದಲ ಮಾತು: “ಕಾಲೇಜ್ ಅಂಬ್ರ್, ಡಿಗ್ರಿ ಇಲ್ಲ ಅಂಬ್ರ್. ಎಂತಾ ಕಾಲೇಜ್ ಮಾರಾಯ್ತಿ ಅದ್?”

ಕ್ಯಾಲಿಫೋರ್ನಿಯಾದಲ್ಲಿ ನೆಂಟರಿರುವವರಿಗೆ ಇದನ್ನು ವಿವರಿಸುವುದು ಸುಲಭ. ಕ್ಯುಪರ್ಟಿನೋದ ಡಿ ಆನ್ಜಾ ಕಾಲೇಜಿನ ಹೆಸರು ಅವರು ಕೇಳಿರುತ್ತಾರೆ. ಅದೊಂದು ಕಮ್ಯುನಿಟಿ ಕಾಲೇಜು. ಎರಡು ವರ್ಷ ಕಡಿಮೆ ಶುಲ್ಕದಲ್ಲಿ ಓದಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಮುಗಿಸಬಹುದು. ಇಲ್ಲವೇ ಒಂದು ಕಸುಬು ಕಲಿತು ಕೆಲಸಕ್ಕೆ ಸೇರಬಹುದು. ಅಮೆರಿಕದಲ್ಲಿ ಇದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಪದ್ಧತಿ. ಜಿಲ್ ಬೈಡನ್ ಅವರು ಅಧ್ಯಕ್ಷರ ಪತ್ನಿಯಾಗಿ ಶ್ವೇತಭವನದಲ್ಲಿದ್ದಾಗಲೂ ಉತ್ತರ ವರ್ಜೀನಿಯಾದ ಇಂಥ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿನ ಕಾಲೇಜು ಅಧ್ಯಕ್ಷರಿಗೂ ತಲೆಬಿಸಿ ಇದ್ದದ್ದೇ. ಊರಲ್ಲಿ ಕೆಲಸ ಚೆನ್ನಾಗಿ ಸಿಗುವ ಕಾಲಕ್ಕೆ ತರಗತಿ ಖಾಲಿಯಾಗುತ್ತದೆ. ಕೆಲಸ ಕಡಿಮೆಯಾಗಿ ವಿದ್ಯಾರ್ಥಿಗಳು ತುಂಬುವ ಹೊತ್ತಿಗೆ ಸರ್ಕಾರದ ಅನುದಾನಕ್ಕೆ ಕತ್ತರಿ ಬೀಳುತ್ತದೆ. ಆದರೂ ಅನೇಕ ರಾಜ್ಯಗಳಲ್ಲಿ ಊರಿನ ಆಸ್ತಿ ತೆರಿಗೆಯ ಒಂದು ಪಾಲು ಕಾಲೇಜಿಗೆ ಬರುತ್ತದೆ, ಊರವರೇ ಮತ ಹಾಕಿ ಆರಿಸಿದ ಟ್ರಸ್ಟಿಗಳಿರುತ್ತಾರೆ. ಕಟ್ಟಡ ತಮ್ಮದು, ಬಜೆಟ್ ತಮ್ಮದು.

ನಮ್ಮಲ್ಲಿ ಈ ಬಳ್ಳಿ ಮೊದಲು ಚಿಗುರಿದ್ದು ದಕ್ಷಿಣದಲ್ಲೇ. 1995ರಲ್ಲಿ ಪುದುಚೇರಿಯಲ್ಲಿ, ಮರುವರ್ಷ ಚೆನ್ನೈಯಲ್ಲಿ. ಲೊಯೋಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಫಾದರ್ ಝೇವಿಯರ್ ಅಲ್ಫೋನ್ಸ್ ಇದನ್ನು ಊರೂರಿಗೆ ಒಯ್ದರು. ಶಾಲೆ ಬಿಟ್ಟವರಿಗೆ, ಕೊಳೆಗೇರಿಯ ಮಕ್ಕಳಿಗೆ, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳಿಗೆ ಕಸುಬಿನ ಜೊತೆಗೆ ನಾಲ್ಕು ಜನರ ಎದುರು ಮಾತಾಡುವ ಧೈರ್ಯ ಕೊಡುವುದು ಅವರ ಕಲ್ಪನೆ. 2009ರಲ್ಲಿ ಇಗ್ನೋ ತನ್ನದೊಂದು ಯೋಜನೆ ತಂದಿತು, ಅದು ಬಹುಕಾಲ ಬಾಳಲಿಲ್ಲ. 2013ರಲ್ಲಿ ಯುಜಿಸಿ ಯೋಜನೆ ಬಂತು, ಅದೇ ವರ್ಷದ ಕೊನೆಗೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟೂ ಬಂತು. ಯುಜಿಸಿ ಯೋಜನೆಯಲ್ಲಿ ಸಮುದಾಯ ಕಾಲೇಜಿಗೆ ಬೇರೆ ಕಟ್ಟಡವಿಲ್ಲ. ಈಗಾಗಲೇ ಇರುವ ಕಾಲೇಜಿನ ಒಳಗೇ ಅದು ನಡೆಯಬೇಕು. ಅತ್ತೆಯ ಮನೆಯಲ್ಲಿ ಬೇರೆ ಒಲೆ ಹೂಡಿದ ಸೊಸೆಯ ಪಾಡು. ಸೌದೆ ಕೇಳಬೇಕು, ನೀರು ಕೇಳಬೇಕು, ಅಡುಗೆ ಕೆಟ್ಟರೆ ಮಾತ್ರ ತಾನೊಬ್ಬಳೇ ಹೊಣೆ.

ವಾರಕ್ಕೆ ಹದಿನಾರು ಗಂಟೆಯ ಬಿ.ಕಾಂ. ಪಾಠ ನನಗೆ ಹಾಗೇ ಉಳಿಯಿತು. ನಮ್ಮ ತರಗತಿಗಳಿಗೆ ಕೋಣೆ ಸಿಗುತ್ತಿದ್ದುದು ಮಧ್ಯಾಹ್ನ ಎರಡರ ನಂತರ. ಮಕ್ಕಳಿಗೆ ಲೈಬ್ರರಿ ಕಾರ್ಡ್ ಇರಲಿಲ್ಲ. ಐಡಿ ಕಾರ್ಡಿನ ಪಟ್ಟಿ ಉಳಿದವರದ್ದು ನೀಲಿ, ನಮ್ಮ ಮಕ್ಕಳದ್ದು ಹಳದಿ. ಗೇಟಿನಲ್ಲಿ ಗುರುತು ಹಿಡಿಯಲು ಸುಲಭವಾಗಲಿ ಎಂದು ಯಾರೋ ಸದುದ್ದೇಶದಿಂದಲೇ ಮಾಡಿದ್ದು. ಕ್ಯಾಂಟೀನಿಗೆ ಹೋಗುವಾಗ ನಮ್ಮ ಹುಡುಗರು ಆ ಕಾರ್ಡನ್ನು ಶರ್ಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಮೊದಲ ವರ್ಷ ನಾನು ಹೋರಾಡಿ ಗೆದ್ದದ್ದು ಒಂದೇ ಒಂದು ವಿಷಯದಲ್ಲಿ: ಪಟ್ಟಿ ನೀಲಿಯಾಯಿತು. ಇದಕ್ಕೆ ಮೂರು ಮೀಟಿಂಗ್ ಬೇಕಾದವು.

ನಮ್ಮಲ್ಲಿದ್ದ ಇನ್ನೊಂದು ಕೋರ್ಸ್ ಫ್ರಿಜ್ ಮತ್ತು ಎ.ಸಿ. ರಿಪೇರಿ. ಕಾಮರ್ಸ್ ಓದಿದ ನನಗೆ ತಾಮ್ರದ ಪೈಪಿನ ಬಾಯಿ ಅಗಲಿಸುವುದೆಂದರೇನು, ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಎಳೆಯುವುದು ಯಾಕೆ, ಒಂದೂ ತಿಳಿಯದು. ಲ್ಯಾಬಿನಲ್ಲಿದ್ದುದು ಯಾರೋ ದಾನ ಕೊಟ್ಟ ಹಳೆಯ ಎ.ಸಿ., ಆರ್-22 ಗ್ಯಾಸಿನದು. ಹೊರಗೆ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುದೆಲ್ಲ ಆರ್-32, ಆರ್-410ಎ. ಇವುಗಳ ಒತ್ತಡ ಹಳೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಹಳೆಯ ಗೇಜ್ ಅದಕ್ಕೆ ಹೊಂದುವುದಿಲ್ಲ. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್ ಬೇರೆ. ಅಂದರೆ ನಮ್ಮಲ್ಲಿ ಕಲಿತ ಹುಡುಗ ಹಳೆಯ ಅಭ್ಯಾಸದಲ್ಲೇ ಹೊಸ ಎ.ಸಿ.ಗೆ ಕೈ ಹಾಕಿದರೆ ಅಪಾಯ. ಇದನ್ನು ನನಗೆ ಹೇಳಿದ್ದು ಸಿಲೆಬಸ್ ಸಮಿತಿಯಲ್ಲ, ಅಯನಾವರದಲ್ಲಿ ಸರ್ವಿಸ್ ಅಂಗಡಿ ಇಟ್ಟಿದ್ದ ಒಬ್ಬ ಮೆಕ್ಯಾನಿಕ್. ಇಪ್ಪತ್ತು ವರ್ಷದ ಅನುಭವ, ಓದಿದ್ದು ಹತ್ತನೇ ತರಗತಿ.

ಅವರನ್ನೇ ಪಾಠಕ್ಕೆ ಕರೆದೆ. ಕಡತ ಆಫೀಸಿಗೆ ಹೋಯಿತು, ವಾಪಸು ಬಂತು. ‘ವಿದ್ಯಾರ್ಹತೆ?’ ಎಂಬ ಒಂದೇ ಪದ, ಕೆಂಪು ಶಾಯಿಯಲ್ಲಿ. ಪದವಿಯಿಲ್ಲದವರಿಗೆ ಅತಿಥಿ ಉಪನ್ಯಾಸಕರ ಹೆಸರಲ್ಲಿ ಗೌರವಧನ ಕೊಡಲಾಗದು. ಕಡೆಗೆ ‘ಪರಿಣತ ತರಬೇತುದಾರ’ ಎಂದು ಬರೆದು ಒಪ್ಪಿಸಿದೆವು. ಗಂಟೆಗೆ ಅವರಿಗೆ ಕೊಡುತ್ತಿದ್ದ ಹಣ ಅವರು ಒಂದು ಎ.ಸಿ. ತೊಳೆದರೆ ಸಿಗುವುದಕ್ಕಿಂತ ಕಡಿಮೆ. ಅದೂ ಎಂಟು ತಿಂಗಳು ತಡವಾಗಿ ಸಿಕ್ಕಿತು. ಖರ್ಚಿನ ಪ್ರಮಾಣಪತ್ರ ಕಳಿಸಿದರೆ ಮುಂದಿನ ಕಂತು. ಕಂತು ಬಂದರೆ ಖರ್ಚು. ಈ ಎರಡರ ನಡುವೆ ಗ್ಯಾಸ್ ಸಿಲಿಂಡರಿಗೆ, ಬಸ್ ಚಾರ್ಜಿಗೆ, ಆ ಮೆಕ್ಯಾನಿಕ್ಕರ ಕಾಫಿಗೆ ನನ್ನ ಪರ್ಸೇ ಗತಿ. ಮೂರು ಕೊಟೇಷನ್ ಇಲ್ಲದೆ ಸಿಲಿಂಡರ್ ಕೊಂಡದ್ದಕ್ಕೆ ಆಡಿಟಿನವರ ಆಕ್ಷೇಪಣೆಯೂ ಬಂತು. ನಾನು ಪಾಠ ಮಾಡುವ ವಿಷಯವೇ ಆಡಿಟಿಂಗ್. ವಿಭಾಗದಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಕ್ಯಾಲೆಂಡರ್. ವಿಶ್ವವಿದ್ಯಾಲಯದ ಪರೀಕ್ಷೆ ಏಪ್ರಿಲ್‌ನಲ್ಲಿ. ಚೆನ್ನೈನ ಎ.ಸಿ. ಅಂಗಡಿಗಳಿಗೆ ವರ್ಷದ ಅನ್ನ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಾರ್ಚ್ ಕೊನೆಗೆ ನಮ್ಮ ಹುಡುಗರು ಒಬ್ಬೊಬ್ಬರಾಗಿ ಮಾಯ. ಫೋನ್ ಮಾಡಿದರೆ ಯಾವುದೋ ಮನೆಯ ಬಾಲ್ಕನಿಯ ಹೊರಗೆ ನೇತಾಡುತ್ತಾ “ಮ್ಯಾಮ್, ಸೀಸನ್” ಎನ್ನುತ್ತಾರೆ. ಆ ಎರಡು ತಿಂಗಳ ದುಡಿಮೆಯಲ್ಲೇ ಮನೆಯ ಸಾಲ ತೀರಬೇಕು. ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಪರೀಕ್ಷೆ ಬರೆಯದಿದ್ದರೆ ಮಾತ್ರ ನನ್ನ ವರದಿಯಲ್ಲಿ ಅವರು ‘ಡ್ರಾಪ್‌ಔಟ್’. ಕಸುಬು ಕಲಿತು ಅದೇ ಕಸುಬಿನಲ್ಲಿ ದುಡಿಯುತ್ತಿರುವವನನ್ನು ಅರ್ಧಕ್ಕೇ ಬಿಟ್ಟವನೆಂದು ಬರೆಯುವಾಗ ನಾಚಿಕೆಯಾಗುತ್ತಿತ್ತು. ಪರೀಕ್ಷೆ ಫೆಬ್ರವರಿಗೆ ತನ್ನಿ ಎಂದು ಎರಡು ವರ್ಷ ಪತ್ರ ಬರೆದೆ. ಉಳಿದ ಕೋರ್ಸುಗಳ ಪರೀಕ್ಷೆಯ ಜೊತೆಗೇ ನಡೆಯಬೇಕೆಂಬ ಉತ್ತರ ಬಂತು.

ಆಗ ಸಹಾಯಕ್ಕೆ ಬಂದದ್ದು ಚಿಕ್ಕಪ್ಪನ ಕಥೆ. ಮುಂಬಯಿಯ ಓದುಗರಿಗೆ ಇದು ಹೊಸದಲ್ಲ. ಹದಿಮೂರರ ವಯಸ್ಸಿಗೆ ಊರು ಬಿಟ್ಟು ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ನಿಂತವರು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮಾಡಿದವರು. ಅವರ ಹೆಡ್‌ಮಾಸ್ಟರು ವಾರಕ್ಕೊಮ್ಮೆ ಹೋಟೆಲಿಗೆ ಬರುತ್ತಿದ್ದರಂತೆ. ಚಾ ಕುಡಿಯಲಿಕ್ಕಲ್ಲ. ಗಲ್ಲದ ಹತ್ತಿರ ನಿಂತು ಮಾಲೀಕರ ಹತ್ತಿರ, “ಹುಡುಗರನ್ನು ಆರೂವರೆಗೆ ಬಿಡಿ, ಪರೀಕ್ಷೆ ತಿಂಗಳಲ್ಲಿ ಆರಕ್ಕೇ ಬಿಡಿ” ಎಂದು ಕೇಳುವುದು. ಕೆಲವರು ಬಿಡುತ್ತಿದ್ದರು. ಕೆಲವರು ಮಾಸ್ಟರನ್ನು ಕಂಡ ಕೂಡಲೇ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. “ಅವ್ರು ಪಾಠ ಮಾಡಿದ್ ಎಂತದೂ ನೆಂಪಿಲ್ಲೆ. ಗಲ್ಲದ ಹತ್ರ ನಿಂತದ್ ಮಾತ್ರ ನೆಂಪಿತ್” ಎಂದರು ಚಿಕ್ಕಪ್ಪ. ಅಂಥ ಹಲವು ರಾತ್ರಿಶಾಲೆಗಳು ಈಗ ಮುಚ್ಚಿಹೋಗಿವೆ.

ಮರುದಿನದಿಂದ ನಾನೂ ಅಂಗಡಿ ಅಂಗಡಿ ಅಲೆದೆ. ಅಯನಾವರ, ಪೆರಂಬೂರು, ಕೊಳತ್ತೂರು. ಹದಿನಾಲ್ಕು ಅಂಗಡಿಗಳಲ್ಲಿ ಒಂಬತ್ತು ಮಂದಿ ಪರೀಕ್ಷೆಯ ದಿನಗಳಲ್ಲಿ ಹುಡುಗರನ್ನು ಮಧ್ಯಾಹ್ನದವರೆಗೆ ಬಿಡಲು ಒಪ್ಪಿದರು. ಅಂಗಡಿಯಲ್ಲಿ ಮಾಡಿದ ಕೆಲಸವನ್ನೇ ಇಂಟರ್ನ್‌ಶಿಪ್ ಎಂದು ಬರೆದುಕೊಂಡೆವು. ಅದಕ್ಕೆ ನಿಯಮದಲ್ಲಿ ಜಾಗವಿತ್ತು, ಯಾರೂ ಬಳಸಿರಲಿಲ್ಲ ಅಷ್ಟೇ. ಹುಡುಗರಲ್ಲಿ ತಾಳವಾಡಿ ಕಡೆಯ ಒಬ್ಬನಿದ್ದ, ಮನೆಮಾತು ಕನ್ನಡ. ಅವನು ಅಂಗಡಿಯ ಮಾಲೀಕರಿಗೆ ತಮಿಳಿನಲ್ಲಿ ನನ್ನ ಪರ ವಾದಿಸಿ, ಆಮೇಲೆ ಕನ್ನಡದಲ್ಲಿ ನನಗೆ, “ಮೇಡಂ, ಇವ್ರು ಬಿಡಲ್ಲ, ಮುಂದಿನ ಅಂಗಡಿಗೆ ಹೋಗಣ” ಎಂದು ಪಿಸುಗುಡುತ್ತಿದ್ದ.

ಪರೀಕ್ಷೆ ಪಾಸಾದ ಮೇಲೆ ಇನ್ನೊಂದು ಗೋಡೆ. ಪುಣೆಯ ಚಾಕಣ್, ಹೈದರಾಬಾದ್, ನಮ್ಮ ಶ್ರೀಪೆರಂಬುದೂರುಗಳಲ್ಲಿ ಎಚ್.ಆರ್. ವಿಭಾಗದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಮ್ಮ ಕಂಪನಿಯ ಆನ್‌ಲೈನ್ ಅರ್ಜಿಯನ್ನು ಒಮ್ಮೆ ತೆರೆದು ನೋಡಿ. ವಿದ್ಯಾರ್ಹತೆಯ ಕಾಲಂನಲ್ಲಿ ಐಟಿಐ ಇರುತ್ತದೆ, ಡಿಪ್ಲೊಮಾ ಇರುತ್ತದೆ, ಡಿಗ್ರಿ ಇರುತ್ತದೆ. ನಮ್ಮ ಹುಡುಗ ‘ಡಿಪ್ಲೊಮಾ’ ಒತ್ತುತ್ತಾನೆ, ಅವನ ಸರ್ಟಿಫಿಕೇಟಿನಲ್ಲಿ ಅದೇ ಪದವಿದೆ. ದಾಖಲೆ ಪರಿಶೀಲನೆಯ ದಿನ, ಇದು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲ, ನೀನು ತಪ್ಪು ಮಾಹಿತಿ ಕೊಟ್ಟಿದ್ದೀಯ ಎಂದು ಕಳಿಸುತ್ತಾರೆ. ಸುಳ್ಳು ಹೇಳದವನು ಸುಳ್ಳುಗಾರನಾಗಿ ಮನೆಗೆ ಬರುತ್ತಾನೆ. ಒಂದು ವರ್ಷ ಹೀಗೆ ಮೂವರು ಬಂದರು. ಒಂದು ಕಂಪನಿಯ ಅಧಿಕಾರಿಯ ಜೊತೆ ಕೂತು ಚೌಕಟ್ಟಿನ ಐದನೇ ಹಂತ ಎಂದರೇನು, ಅರವತ್ತು ಕ್ರೆಡಿಟ್ ಎಂದರೇನು ಎಂದು ಅರ್ಧ ಗಂಟೆ ವಿವರಿಸಿದೆ. ಅವರು ಸಜ್ಜನರು, ಪೂರ್ತಿ ಕೇಳಿದರು. ಕೊನೆಗೆ, “ಮೇಡಂ, ನಿಮ್ಮ ಮಾತು ಸರಿ, ಆದ್ರೆ ಸಾಫ್ಟ್‌ವೇರಲ್ಲಿ ಆ ಆಪ್ಷನ್ ಇಲ್ಲ” ಎಂದರು.

ಈಗ ಆ ಹುಡುಗಿಯ ವಿಷಯ.

ಅವಳು ತರಗತಿಗೆ ಮೊದಲಿಗಳಾಗಿ 2019ರಲ್ಲಿ ಮುಗಿಸಿದಳು. ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕಿಯ ಕೆಲಸ ಸಿಕ್ಕಿತು. ರೋಗಿಯನ್ನು ಮಗ್ಗುಲು ಬದಲಿಸುವುದು, ಬಿ.ಪಿ. ನೋಡಿ ಬರೆಯುವುದು, ಹಾಸಿಗೆ ಹುಣ್ಣು ಬಾರದಂತೆ ನೋಡಿಕೊಳ್ಳುವುದು, ಎಲ್ಲ ನಮ್ಮಲ್ಲೇ ಕಲಿತದ್ದು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ಕಾಲೇಜು ಬಾಗಿಲು ಹಾಕಿತ್ತು, ಅವಳು ಪಿಪಿಇ ಒಳಗೆ ನಿಂತಿದ್ದಳು. ಮನೆಗೆ ಹೋಗಲಾಗದೆ ಆಸ್ಪತ್ರೆಯ ಹಾಸ್ಟೆಲಿನಲ್ಲೇ ತಿಂಗಳುಗಟ್ಟಲೆ ಇದ್ದಳು. ಸ್ವಲ್ಪ ಹಣ ಕೂಡಿತು, ಓದುವ ಆಸೆ ಹಾಗೇ ಇತ್ತು. 2021ರಲ್ಲಿ ನಗರದ ಇನ್ನೊಂದು ಕಾಲೇಜಿಗೆ, ಅದೇ ವಿಷಯದ ಬಿ.ವೋಕ್. ಪದವಿಯ ಎರಡನೇ ವರ್ಷಕ್ಕೆ ಅರ್ಜಿ ಹಾಕಿದಳು. ನಾನು ಹೇಳಿಕೊಟ್ಟ ಹಾಗೆಯೇ.

ಎರಡನೇ ವರ್ಷದ ಸೀಟು ನಮ್ಮಲ್ಲೇ ಮೊದಲ ವರ್ಷ ಓದಿದವರಿಗೆ ಮಾತ್ರ, ಬೇಕಿದ್ದರೆ ಮೊದಲ ವರ್ಷಕ್ಕೆ ಸೇರಿಕೊ ಎಂದರು. ಅವಳು ಫೋನ್ ಮಾಡಿದಳು. ನಾನು ಮಾರ್ಗಸೂಚಿಯ ಪ್ರತಿ ಹಿಡಿದು ಓಡಿದೆ. ಅಲ್ಲಿದ್ದವರೂ ನನ್ನ ಹಾಗೆಯೇ ಒಬ್ಬ ನೋಡಲ್ ಆಫೀಸರು, ಬೇರೆ ಪಾಠದ ಜೊತೆ ಇದನ್ನೂ ಹೊತ್ತವರು. “ನಿಯಮದಲ್ಲಿ ಸೇರಿಸಿಕೊಳ್ಳಬಹುದು ಅಂತ ಇದೆ, ಸೇರಿಸಿಕೊಳ್ಳಲೇಬೇಕು ಅಂತ ಇಲ್ಲವಲ್ಲ ಮೇಡಂ” ಎಂದರು. ಒಂದೇ ಪದದ ವ್ಯತ್ಯಾಸ. ಗೆರೆ ಹಾಕಿ ಓದಿದ್ದ ನನಗೆ ಅದು ಕಂಡಿರಲಿಲ್ಲ. ಹಗಲಿನ ಕಾಲೇಜಿಗೆ ಮೊದಲಿಂದ ಸೇರಿದರೆ ಅವಳ ಕೆಲಸ ಹೋಗುತ್ತದೆ. ಸೇರಲಿಲ್ಲ. ಕಡೆಗೆ ದೂರಶಿಕ್ಷಣದಲ್ಲಿ ಬಿ.ಎ. ಮೊದಲ ವರ್ಷಕ್ಕೆ ಕಟ್ಟಿದಳು. ನಮ್ಮ ಒಂದು ವರ್ಷ ಅಲ್ಲಿ ಸೊನ್ನೆ.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಾಯಿ ಅಂದರು, ಅದೂ ಜಗಳವಾಡುವ ದನಿಯಲ್ಲಲ್ಲ. “ನೀವು ಹೇಳಿದ್ದಿರಲ್ಲಮ್ಮಾ?”

ಅದೇ ವರ್ಷ ಕ್ರೆಡಿಟ್ ಬ್ಯಾಂಕಿನ ವ್ಯವಸ್ಥೆಯೂ ಬಂತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳು ಅವನ ಹೆಸರಿನ ಡಿಜಿಟಲ್ ಖಾತೆಯಲ್ಲಿ ಜಮೆಯಾಗುತ್ತವೆ, ಎಲ್ಲಿ ಬೇಕಾದರೂ ಬಳಸಬಹುದು ಎನ್ನುತ್ತಾರೆ. ಒಳ್ಳೆಯದೇ, ನಾನು ವಿರೋಧಿಯಲ್ಲ. ಆದರೆ ಖಾತೆಯಲ್ಲಿ ಹಣ ಇದ್ದರಾಯಿತೇ, ಅಂಗಡಿಯವನು ಚೆಕ್ ತೆಗೆದುಕೊಳ್ಳಬೇಕಲ್ಲ. ಆ ಅಂಗಡಿಯವನ ಮೇಲೆ ಸಮುದಾಯ ಕಾಲೇಜು ನಡೆಸುವವರಿಗೆ ಯಾವ ಅಧಿಕಾರವೂ ಇಲ್ಲ. ಕೆಲಸ ಕೊಡುವವರು ಬೇರೆ, ಪದವಿ ಕೊಡುವವರು ಬೇರೆ, ಹಣ ಕೊಡುವವರು ಬೇರೆ. ತಾಯಿಯ ಎದುರು ಕೂತು ಭರವಸೆ ಕೊಡುವವಳು ಮಾತ್ರ ನಾನು.

ಮುಂದಿನ ವರ್ಷ ಕರಪತ್ರಗಳು ಅಚ್ಚಾಗಿ ಬಂದವು. ಅದರಲ್ಲಿ ಹಳೆಯ ಸಾಲು ಹಾಗೇ ಇತ್ತು: ‘ಪದವಿಯ ಎರಡನೇ ವರ್ಷಕ್ಕೆ ನೇರ ಪ್ರವೇಶ’. ಮರು ಅಚ್ಚಿಗೆ ಹಣವಿಲ್ಲ ಎಂದರು. ಎರಡು ಸಂಜೆ ಕೂತು, ಅಷ್ಟೂ ಪ್ರತಿಗಳಲ್ಲಿ ಆ ಸಾಲಿನ ಮೇಲೆ ಮಾರ್ಕರ್ ಎಳೆದೆ. ಆ ವರ್ಷ ಅಡ್ಮಿಷನ್ ಕಡಿಮೆಯಾಯಿತು. ಸೀಟು ತುಂಬದಿದ್ದರೆ ಕೋರ್ಸೇ ನಿಲ್ಲುತ್ತದೆ ಮೇಡಂ, ಆಗ ಯಾರಿಗೆ ಏನು ಕೊಟ್ಟ ಹಾಗಾಯಿತು ಎಂದು ಆಡಳಿತ ಮಂಡಳಿಯವರೊಬ್ಬರು ಕೇಳಿದರು. ಅವರ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಎ.ಸಿ. ಕೋರ್ಸ್ ಹೇಗೋ ಉಳಿಯಿತು. ಆಸ್ಪತ್ರೆ ಸಹಾಯಕರ ಕೋರ್ಸಿಗೆ ಒಂದು ವರ್ಷ ಬಿಡುವು ಕೊಟ್ಟು ಮತ್ತೆ ಶುರು ಮಾಡಿದೆವು.

ಕಳೆದ ಜೂನ್‌ನಲ್ಲಿ ಅದೇ ಪೋರ್ಟಿಕೋ, ಅದೇ ಮೇಜು. ಮೂರನೇ ಕುರ್ಚಿಯಲ್ಲಿ ಆ ಹುಡುಗಿ ಕೂತಿದ್ದಳು. ನೈಟ್ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು, ನಾನು ಕರೆದೆನೆಂದು ಬಂದಿದ್ದಳು. ಈಗ ವಾರ್ಡಿನಲ್ಲಿ ಹೊಸಬರಿಗೆ ಅವಳೇ ಕಲಿಸುತ್ತಾಳಂತೆ. ಬಿ.ಎ. ಒಂದು ಪೇಪರ್ ಬಾಕಿ. ಪುಳಿಯಂತೋಪಿನಿಂದ ಬಂದ ಒಬ್ಬ ತಾಯಿ ಎಂದಿನ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು: “ಅಕ್ಕಾ, ಕೆಲಸ ಸಿಗುತ್ತೆ, ನಂಗೆ ಸಿಕ್ಕಿದೆ. ಡಿಗ್ರಿ ಓದ್ಬಹುದು, ಆದ್ರೆ ಮೊದಲಿಂದ ಓದ್ಬೇಕಾಗುತ್ತೆ. ನಾನು ಹಾಗೇ ಓದ್ತಿದ್ದೀನಿ.”

ಆ ತಾಯಿ ಅವಳ ಆಸ್ಪತ್ರೆಯ ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಂಬಳ ಎಷ್ಟೆಂದು ಕೇಳಿದರು. ನೈಟ್ ಡ್ಯೂಟಿಗೆ ಆಸ್ಪತ್ರೆಯ ವ್ಯಾನ್ ಬರುತ್ತಾ ಎಂದು ಕೇಳಿದರು. ಆಮೇಲೆ ಅರ್ಜಿ ಫಾರಂ ಎರಡಾಗಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು, ಮಗಳ ಅಪ್ಪನನ್ನು ಕೇಳಿ ನಾಳೆ ಬರುತ್ತೇವೆ ಎಂದು ಹೋದರು.